ಅಂಗವಿಕಲ ಶಿಶುವಿನ ಪಾಲನೆ: ಮನೆಯ ಹೊಣೆ, ಧರ್ಮಕೇಂದ್ರದ ಹೊಣೆ

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ದಿನದ ಸಭೆಯಲ್ಲಿ ದಂಪತಿಗಳಿಬ್ಬರು ಮಾಡಿದ ಭಾಷಣ)



ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಪುಣ್ಯಕಾಲದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ನಮ್ಮಿಬ್ಬರನ್ನು ಕೇಳಿಕೊಂಡಾಗ ನಾವು ಸಂಕೋಚಪಟ್ಟೆವು. ನಾವು ಪಂಡಿತರಲ್ಲ, ವೈದ್ಯರಲ್ಲ, ವೇದಿಕೆಯೇರಿ ಮಾತನಾಡಿ ರೂಢಿಯುಳ್ಳವರೂ ಅಲ್ಲ. ನಮ್ಮಲ್ಲೊಬ್ಬರು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಗುಮಾಸ್ತರು. ಇನ್ನೊಬ್ಬರು ಹಿಂದೆ ಶಾಲಾ ಶಿಕ್ಷಕಿಯಾಗಿದ್ದು ಈಗ ಗೃಹಿಣಿ. ಸೆರಿಬ್ರಲ್ ಪಾಲ್ಸಿ ಎಂಬ ಸ್ಥಿತಿಯೊಡನೆ ಜನಿಸಿದ ಮಗಳೊಬ್ಬಳನ್ನು ಏಳು ವರ್ಷಗಳಿಂದ ಬೆಳೆಸುತ್ತಿದ್ದೇವೆ ಎಂಬುದಷ್ಟೇ ಇಲ್ಲಿ ನಿಲ್ಲಲು ನಮಗಿರುವ ಅರ್ಹತೆ. ಅವಳನ್ನು ನೀವೆಲ್ಲರೂ ಬಲ್ಲಿರಿ. ಭಾನುವಾರದ ಪೂಜೆಯಲ್ಲಿ ಪಕ್ಕದ ಬಾಗಿಲಿನ ಬಳಿ, ಗಾಲಿಕುರ್ಚಿಯಲ್ಲಿ ಕುಳಿತು, ಗಾಯನವೃಂದಕ್ಕಿಂತ ಅರ್ಧ ಕ್ಷಣ ತಡವಾಗಿ ಹಾಡುವವಳು ಅವಳೇ.

ಈ ಭಾಷಣದಲ್ಲಿ ನಮ್ಮ ದುಃಖವನ್ನು ತೋಡಿಕೊಳ್ಳುವ ಉದ್ದೇಶ ನಮಗಿಲ್ಲ. ಇಂಥ ಮಗುವಿನ ಪಾಲನೆ ಎಂದರೇನು, ಅದಕ್ಕೆ ತಗಲುವ ವೆಚ್ಚ ಯಾವ ಬಗೆಯದು, ಆ ವೆಚ್ಚವನ್ನು ಭರಿಸುವಲ್ಲಿ ಒಂದು ಧರ್ಮಕೇಂದ್ರವು ಏನು ಮಾಡಬಲ್ಲುದು ಎಂಬುದನ್ನು ನಾವು ಕಂಡುಂಡಷ್ಟು ಮಟ್ಟಿಗೆ ತಮ್ಮ ಮುಂದಿಡುತ್ತೇವೆ. ಕೊನೆಗೆ ಒಂದು ಬಿನ್ನಹವೂ ಇದೆ.

ಮೊದಲು ಕಾಯಿಲೆಯ ವಿಚಾರ. ನಮ್ಮ ಜನ ಇದನ್ನು ಮಿದುಳಿನ ಲಕ್ವವೆಂದು ಕರೆಯುತ್ತಾರೆ. ಗರ್ಭದಲ್ಲಿರುವಾಗಲೋ, ಹೆರಿಗೆಯ ಸಮಯದಲ್ಲೋ, ಹುಟ್ಟಿದ ಎಳೆಯ ದಿನಗಳಲ್ಲೋ ಶಿಶುವಿನ ಬೆಳೆಯುತ್ತಿರುವ ಮಿದುಳಿಗೆ ಆದ ಹಾನಿಯಿಂದ ಸ್ನಾಯುಗಳ ಮೇಲಿನ ಹತೋಟಿ ತಪ್ಪುವುದೇ ಈ ಸ್ಥಿತಿ. ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ ಎಂಬವರು 1862ರಲ್ಲಿ ಇದನ್ನು ವಿಸ್ತಾರವಾಗಿ ವರ್ಣಿಸಿದುದರಿಂದ ಬಹುಕಾಲ ಇದಕ್ಕೆ ಲಿಟಲ್ ಅವರ ಕಾಯಿಲೆ ಎಂಬ ಹೆಸರೇ ಇತ್ತು. ಅವಧಿಗೆ ಮುಂಚೆ ಹುಟ್ಟುವುದು, ತೂಕ ತೀರಾ ಕಡಿಮೆಯಿರುವುದು, ಹೆರಿಗೆಯಲ್ಲಿ ಮಗುವಿಗೆ ಉಸಿರು ಕಟ್ಟುವುದು, ಹುಟ್ಟಿದೊಡನೆ ಬಂದ ಕಾಮಾಲೆಗೆ ಚಿಕಿತ್ಸೆಯಿಲ್ಲದೆ ಅದು ವಿಪರೀತಕ್ಕೇರುವುದು, ಮಿದುಳಿಗೆ ಸೋಂಕು ತಗಲುವುದು - ಇವೆಲ್ಲ ಕಾರಣಗಳಾಗಬಲ್ಲವು. ಎಷ್ಟೋ ವೇಳೆ ಕಾರಣವೇ ತಿಳಿಯುವುದಿಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಇಬ್ಬರು ಮೂವರಿಗೆ ಇದು ಇರುತ್ತದೆ. ಇದು ಅಂಟುರೋಗವಲ್ಲ. ಮಿದುಳಿಗೆ ಆದ ಹಾನಿ ದಿನದಿಂದ ದಿನಕ್ಕೆ ಹೆಚ್ಚುವುದೂ ಇಲ್ಲ. ಆದರೆ ಮಗು ಬೆಳೆದಂತೆಲ್ಲ ಬಿಗಿದ ಸ್ನಾಯುಗಳು ಗಿಡ್ಡವಾಗುತ್ತ, ಮೂಳೆ ಕೀಲುಗಳು ಸೊಟ್ಟಗಾಗುತ್ತ ಹೋಗುತ್ತವೆ. ಆದುದರಿಂದಲೇ ಈ ಮಕ್ಕಳ ಚಿಕಿತ್ಸೆ ಒಂದು ದಿನದ್ದಲ್ಲ, ಬೆಳವಣಿಗೆ ಇರುವಷ್ಟು ಕಾಲವೂ ನಡೆಯಬೇಕಾದದ್ದು.

ನಮ್ಮ ಮಗಳು 2018ರ ಮಳೆಗಾಲದಲ್ಲಿ, ಅವಧಿಗೆ ಹತ್ತು ವಾರ ಮುಂಚೆ ಜನಿಸಿದಳು. ಆರು ತಿಂಗಳಾದಾಗ ಎತ್ತಿಕೊಂಡರೆ ಅವಳ ಕಾಲುಗಳು ಕೋಲಿನಂತೆ ಸೆಟೆದು ಕತ್ತರಿಯಂತೆ ಒಂದರ ಮೇಲೊಂದು ಬರುತ್ತಿದ್ದವು. ತಾಯಿಯ ಕಣ್ಣಿಗೆ ಇದು ಸರಿಯೆನಿಸಲಿಲ್ಲ. ಆಗ ನಾವು ಕಂಡ ವೈದ್ಯರೊಬ್ಬರು ಕೆಲವು ಮಕ್ಕಳು ನಿಧಾನವಾಗಿ ನಡೆಯುತ್ತವೆ, ಕಾಯಿರಿ ಎಂದರು. ಹದಿನಾಲ್ಕನೆಯ ತಿಂಗಳಲ್ಲಿ, ಬೆಂಗಳೂರಿನಲ್ಲಿ ಮಿದುಳಿನ ಎಂ.ಆರ್.ಐ. ಆದ ಬಳಿಕ ಹೆಸರು ತಿಳಿಯಿತು: ಸ್ಪಾಸ್ಟಿಕ್ ಡೈಪ್ಲೀಜಿಯಾ, ಅಂದರೆ ಎರಡೂ ಕಾಲುಗಳ ಬಿಗಿತ. ಅವಳ ಬುದ್ಧಿಗೆ ಕುಂದಿಲ್ಲವೆಂದೂ ತಿಳಿಯಿತು. ಬುದ್ಧಿಗೆ ಕುಂದಿರುವ ಮಕ್ಕಳೂ, ಅಪಸ್ಮಾರ ಬರುವ ಮಕ್ಕಳೂ, ಮಾತು ಬಾರದ ಮಕ್ಕಳೂ ಈ ಗುಂಪಿನಲ್ಲಿದ್ದಾರೆ. ಅವರ ತಂದೆತಾಯಿಗಳ ಹೊರೆ ನಮ್ಮದಕ್ಕಿಂತ ಭಾರವಾದದ್ದು.

ಇಲ್ಲಿ ನೆರೆದಿರುವ ತಾಯಂದಿರು, ಅಜ್ಜಿಯಂದಿರು ಒಂದು ಮಾತನ್ನು ಮನಸ್ಸಿನಲ್ಲಿಡಬೇಕೆಂದು ಪ್ರಾರ್ಥಿಸುತ್ತೇವೆ. 2017ರಲ್ಲಿ ಹಲವು ದೇಶಗಳ ತಜ್ಞರು ಕೂಡಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಅಪಾಯದ ಹಿನ್ನೆಲೆಯುಳ್ಳ ಶಿಶುಗಳಲ್ಲಿ ಈ ಸ್ಥಿತಿಯನ್ನು ಐದು ತಿಂಗಳಿಗೂ ಮುಂಚೆಯೇ ಬಹುಮಟ್ಟಿಗೆ ಗುರುತಿಸಲು ಸಾಧ್ಯ. ನಾಲ್ಕು ತಿಂಗಳು ಕಳೆದರೂ ಕುತ್ತಿಗೆ ನಿಲ್ಲದಿದ್ದರೆ, ಕೈಮುಷ್ಟಿ ಸದಾ ಬಿಗಿದೇ ಇದ್ದರೆ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮರೆತಂತಿದ್ದರೆ ಕಾಯುತ್ತ ಕೂರಬೇಡಿರಿ. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ತಿಳಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅನ್ವಯ ಇಂಥ ಮಕ್ಕಳ ಶೀಘ್ರ ತಪಾಸಣೆಗೆಂದು ಜಿಲ್ಲಾ ಮಟ್ಟದಲ್ಲಿ ಕೇಂದ್ರಗಳಿವೆ. ಅಲ್ಲಿ ಹಣ ಕೊಡಬೇಕಾಗಿಲ್ಲ. ಎಳೆಯ ಮಿದುಳು ಕಲಿಯುವಷ್ಟನ್ನು ಬಲಿತ ಮಿದುಳು ಕಲಿಯಲಾರದು.

ಇನ್ನು ಪಾಲನೆ. ಬೆಳಿಗ್ಗೆ ಅವಳ ಹಿಮ್ಮಡಿಯ ನರ, ತೊಡೆಯ ಸ್ನಾಯುಗಳನ್ನು ಮೆಲ್ಲಗೆ ಎಳೆದು ಸಡಿಲಿಸಬೇಕು. ಕಾಲಿಗೆ ಸ್ಪ್ಲಿಂಟ್ ತೊಡಿಸಬೇಕು. ಹಲಗೆಗೆ ಆನಿಸಿ ಅರ್ಧ ಗಂಟೆ ನಿಲ್ಲಿಸಬೇಕು. ಅಂಗಿಯ ಗುಂಡಿಯನ್ನು ಅವಳೇ ಹಾಕಿಕೊಳ್ಳಬೇಕು. ನಾವು ಹಾಕಿದರೆ ಎರಡು ನಿಮಿಷ, ಅವಳು ಹಾಕಿಕೊಂಡರೆ ಇಪ್ಪತ್ತು. ಆ ಇಪ್ಪತ್ತು ನಿಮಿಷ ಸುಮ್ಮನೆ ಕುಳಿತು ನೋಡುವುದೇ ತಾಯಿಗೆ ದಿನದ ಕಠಿಣ ಕೆಲಸ. ಮಗುವಿನ ಕೈಕಾಲುಗಳನ್ನು ಬೇರೆಯವರು ಆಡಿಸುವುದಕ್ಕಿಂತ, ಮಗುವೇ ತನಗೆ ಬೇಕಾದ ಒಂದು ಕೆಲಸವನ್ನು ಮಾಡಲು ಯತ್ನಿಸುತ್ತ ಮತ್ತೆ ಮತ್ತೆ ಅಭ್ಯಾಸ ಮಾಡುವುದರಲ್ಲೇ ಹೆಚ್ಚು ಫಲವೆಂದು ಈಗಿನ ವೈದ್ಯಶಾಸ್ತ್ರ ಹೇಳುತ್ತದೆ. 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿಕೊಂಡಾಗ ನಮ್ಮ ಫಿಜಿಯೋಥೆರಪಿಯೂ ನಿಂತಿತು. ಆಗ ಚಿಕಿತ್ಸಕಿಯವರು ದೂರವಾಣಿಯಲ್ಲೇ ನಮಗೆ ಒಂದೊಂದನ್ನೂ ಕಲಿಸಿದರು. ನಮ್ಮ ಧರ್ಮಕೇಂದ್ರದ ಬಡಗಿಯೊಬ್ಬರು ಸಿಲ್ವರ್ ಓಕ್ ಮರದಿಂದ ಮೂಲೆಕುರ್ಚಿಯೊಂದನ್ನೂ, ಹಿಡಿದು ನಡೆಯಲು ಜೋಡಿ ಕಂಬಿಗಳನ್ನೂ ಮಾಡಿ ಹಿತ್ತಲಲ್ಲಿ ನೆಟ್ಟುಕೊಟ್ಟರು. ಕೂಲಿಯ ಮಾತೆತ್ತಿದಾಗ ಮಗು ನಡೆದ ದಿನ ಕಾಫಿ ಕುಡಿಸಿರಿ ಎಂದಷ್ಟೇ ಹೇಳಿ ಹೋದರು. ಆ ಕಂಬಿಗಳ ನಡುವೆ ಅವಳು ಮೊದಲ ನಾಲ್ಕು ಹೆಜ್ಜೆಯಿಟ್ಟುದು ಎರಡು ವರ್ಷಗಳ ನಂತರ. ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾಳೆ. ದೂರಕ್ಕೆ ಗಾಲಿಕುರ್ಚಿ ಬೇಕು. ಮುಂದೆಯೂ ಬೇಕಾಗುತ್ತದೆ.

ಪ್ರಿಯ ಸಹೋದರ ಸಹೋದರಿಯರೇ, ಹಣದ ಮಾತನ್ನು ದೇವಾಲಯದ ಅಂಗಳದಲ್ಲಿ ಆಡಲು ನಾಚಿಕೆಯಾಗುವುದು ಸಹಜ. ಆದರೂ ಲೆಕ್ಕವನ್ನು ತಮ್ಮ ಮುಂದೆ ಬಿಚ್ಚಿಡುವುದು ಅಗತ್ಯ. 2022ರ ನಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದದ್ದು ಹೀಗಿದೆ. ವಾರಕ್ಕೆ ಎರಡರಂತೆ ತಿಂಗಳಿಗೆ ಎಂಟು ಬಾರಿ ಫಿಜಿಯೋಥೆರಪಿ, ಬಾರಿಗೆ 300 ರೂಪಾಯಿ, ವರ್ಷಕ್ಕೆ 28,800. ಜಿಲ್ಲಾ ಕೇಂದ್ರಕ್ಕೆ ಹೋಗಿಬರಲು ತಾಯಿಯ ಬಸ್ ಚಾರ್ಜು 80 ರೂಪಾಯಿಯಂತೆ ವರ್ಷಕ್ಕೆ 7,680. ಸ್ನಾಯುವಿನ ಬಿಗಿತ ಇಳಿಸುವ ಔಷಧ ಮುಂತಾದವುಗಳಿಗೆ ತಿಂಗಳಿಗೆ 450ರಂತೆ 5,400. ಕಾಲು ಬೆಳೆದಂತೆ ವರ್ಷಕ್ಕೊಮ್ಮೆ ಬದಲಿಸಬೇಕಾದ ಸ್ಪ್ಲಿಂಟ್ ಜೋಡಿಗೆ 7,000. ಸೊಂಟದ ಕೀಲು ಜಾರಿದೆಯೇ ಎಂದು ನೋಡುವ ಎಕ್ಸ್‌ರೇ ಸಹಿತ ಬೆಂಗಳೂರಿಗೆ ಎರಡು ಪ್ರಯಾಣ, ಒಟ್ಟು 6,000. ಎಲ್ಲ ಕೂಡಿ 54,880 ರೂಪಾಯಿ. ಮಗುವಿಗಾಗಿ ತಾಯಿ ಬಿಟ್ಟ ಕೆಲಸದ ಸಂಬಳವನ್ನು ಇದರಲ್ಲಿ ಸೇರಿಸಿಲ್ಲ.

ಈ ಲೆಕ್ಕದಲ್ಲಿ ಒಂದೇ ಒಂದು ದೊಡ್ಡ ಮೊತ್ತವಿಲ್ಲವೆಂಬುದನ್ನು ತಾವು ಗಮನಿಸಬೇಕು. ಶಸ್ತ್ರಚಿಕಿತ್ಸೆಗೆ ಎರಡು ಲಕ್ಷ ಬೇಕೆಂದರೆ ಜನ ಕರಗುತ್ತಾರೆ, ಕೈಯೆತ್ತಿ ಕೊಡುತ್ತಾರೆ. ಮಂಗಳವಾರದ ಬಸ್ ಚಾರ್ಜು, ಶುಕ್ರವಾರದ ಮುನ್ನೂರು ರೂಪಾಯಿ, ಅದೂ ಹತ್ತಾರು ವರ್ಷ - ಇದನ್ನು ಯಾರ ಬಳಿ ಕೇಳುವುದು? ಎಷ್ಟೋ ಮನೆಗಳಲ್ಲಿ ಮಗುವಿನ ಚಿಕಿತ್ಸೆ ನಿಲ್ಲುವುದು ದೊಡ್ಡ ಮೊತ್ತ ಸಿಗದೆ ಅಲ್ಲ. ಈ ಸಣ್ಣ ಮೊತ್ತಗಳನ್ನು ಹೊಂದಿಸಿ ಹೊಂದಿಸಿ ಬಸವಳಿದು.

ಈ ಸಂಬಂಧದಲ್ಲಿ 2021ರಲ್ಲಿ ನಡೆದ ಸಂಗತಿಯೊಂದನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ದೊಡ್ಡ ಪಟ್ಟಣವೊಂದರ ಚಿಕಿತ್ಸಾಲಯದವರು ಮೂರು ಲಕ್ಷ ರೂಪಾಯಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟು ಮಗುವನ್ನು ನಡೆಸುತ್ತೇವೆಂದು ಹೇಳಿದರು. ಸುದ್ದಿ ತಿಳಿದ ಗುರುಗಳು ಪೂಜೆಯ ನಂತರ ಪ್ರಕಟಿಸಿದರು. ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರು, ಸ್ತ್ರೀ ಸಂಘದವರು, ಯುವಜನರು ಮನೆ ಮನೆಗೆ ಹೋದರು. ಆ ಕೋವಿಡ್ ಕಾಲದ ಕಷ್ಟದಲ್ಲೂ 1,40,000 ರೂಪಾಯಿ ಸೇರಿತು. ಆ ಹಣದಲ್ಲಿ ಎಸ್ಟೇಟಿನ ಕೂಲಿಕಾರರ ಹತ್ತು ರೂಪಾಯಿ ನೋಟುಗಳಿದ್ದವು.

ಇಷ್ಟು ಜನರ ಬೆವರಿನ ಹಣವನ್ನು ತೆಗೆದುಕೊಂಡು ಹೋಗುವ ಮುನ್ನ ನಾವು ಮಗಳನ್ನು ನೋಡುತ್ತಿದ್ದ ನರರೋಗ ತಜ್ಞರನ್ನು ಕೇಳಿದೆವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಅವರು ವಿವರಿಸಿದರು. ರಕ್ತಕ್ಕೆ ಸಂಬಂಧಿಸಿದಂಥ ಕೆಲವು ಕಾಯಿಲೆಗಳನ್ನು ಬಿಟ್ಟರೆ ಬೇರೆಲ್ಲ ಕಡೆ ಸ್ಟೆಮ್ ಸೆಲ್ ಬಳಕೆಯು ಇನ್ನೂ ಪರೀಕ್ಷೆಯ ಹಂತದಲ್ಲೇ ಇದೆ; ಅಂಥ ಪರೀಕ್ಷೆಗೆ ಒಳಗಾಗುವವರಿಂದ ಹಣ ಪಡೆಯುವಂತಿಲ್ಲ ಎಂಬುದು ಅದರ ಸಾರ. ಅವರು ಇನ್ನೊಂದು ಉದಾಹರಣೆಯನ್ನೂ ಕೊಟ್ಟರು. ಅಧಿಕ ಒತ್ತಡದ ಆಮ್ಲಜನಕದಿಂದ ಈ ಮಕ್ಕಳು ಚೇತರಿಸಿಕೊಳ್ಳುತ್ತಾರೆಂಬ ನಂಬಿಕೆ ಒಂದು ಕಾಲದಲ್ಲಿ ಹರಡಿತ್ತು. ಕೆನಡಾ ದೇಶದಲ್ಲಿ 111 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಅಧಿಕ ಒತ್ತಡದ ಆಮ್ಲಜನಕವನ್ನೂ ಇನ್ನೊಂದಕ್ಕೆ ತುಸು ಒತ್ತಡದ ಸಾಮಾನ್ಯ ಗಾಳಿಯನ್ನೂ ಕೊಟ್ಟು ನೋಡಿದರು. 2001ರಲ್ಲಿ ಫಲಿತಾಂಶ ಪ್ರಕಟವಾಯಿತು: ಎರಡೂ ಗುಂಪಿನ ಮಕ್ಕಳು ಸುಧಾರಿಸಿದ್ದರು, ಅದೂ ಸರಿಸಮನಾಗಿ! ಆ ದುಬಾರಿ ಆಮ್ಲಜನಕದಿಂದ ಹೆಚ್ಚಿನದೇನೂ ಆಗಿರಲಿಲ್ಲ. ಮಗು ಹೇಗೂ ಬೆಳೆಯುತ್ತಿರುತ್ತದೆ, ಎಲ್ಲರೂ ಅದರತ್ತ ಗಮನ ಕೊಡುತ್ತಿರುತ್ತಾರೆ. ಆದ ಪ್ರಗತಿಯ ಕೀರ್ತಿಯನ್ನು ದುಬಾರಿ ಯಂತ್ರ ಕಸಿದುಕೊಳ್ಳುತ್ತದೆ ಎಂದು ವೈದ್ಯರು ನಕ್ಕರು.

ನಾವು ಆ ಚಿಕಿತ್ಸೆ ಬೇಡವೆಂದು ತೀರ್ಮಾನಿಸಿ, ಹಣವನ್ನು ಧರ್ಮಕೇಂದ್ರದ ಪಾಲನಾ ಪರಿಷತ್ತಿಗೆ ಮರಳಿಸಲು ಹೋದೆವು. ಆ ಸಭೆಯನ್ನು ನಾವು ಮರೆಯುವಂತಿಲ್ಲ. ಕೊಟ್ಟ ಹಣವನ್ನು ವಾಪಸು ತರುವುದೆಂದರೇನು, ಮಗು ನಡೆಯುವುದು ನಿಮಗೆ ಬೇಡವೇ ಎಂದು ಕೆಲವರು ಬೇಸರಪಟ್ಟರು. ಅವರ ಬೇಸರದಲ್ಲಿ ಪ್ರೀತಿಯಿತ್ತು. ಕೊನೆಗೆ ಹಿರಿಯರೊಬ್ಬರು ಎದ್ದು, ಈ ಮೂರು ಲಕ್ಷ ನಿಮ್ಮ ಲೆಕ್ಕದಲ್ಲಿ ಎಷ್ಟು ವರ್ಷಕ್ಕೆ ಬರುತ್ತದೆ ಎಂದು ಕೇಳಿದರು. ಐದು ವರ್ಷಕ್ಕಿಂತ ಹೆಚ್ಚು ಎಂದೆವು. ಸೇರಿರುವ ಹಣ? ಎರಡೂವರೆ ವರ್ಷ. ಹಾಗಾದರೆ ಎರಡೂವರೆ ವರ್ಷ ನಡೆಯಲಿ ಎಂದರು ಅವರು. ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆಯಲಾಯಿತು. 2022ರಿಂದ ಚಿಕಿತ್ಸೆಯ ವೆಚ್ಚವನ್ನು ರಸೀತಿ ನೋಡಿ ಆ ಖಾತೆಯಿಂದ ಕೊಡುತ್ತ ಬಂದಿದ್ದಾರೆ.

ಎರಡೂವರೆ ವರ್ಷಕ್ಕೆಂದು ಎಣಿಸಿದ ಆ ಹಣ ಮೂರು ವರ್ಷಕ್ಕೂ ಮೀರಿ ಬಂದಿತು. ಅದಕ್ಕೆ ಕಾರಣಗಳಿವೆ, ಅವು ಇತರರಿಗೂ ಉಪಯೋಗವಾದಾವೆಂದು ಹೇಳುತ್ತೇವೆ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆ ಬಂದು ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರ ಪ್ರಯಾಣ ಉಚಿತವಾದಾಗ ನಮ್ಮ ಲೆಕ್ಕದ ಒಂದು ಸಾಲೇ ಅಳಿಸಿಹೋಯಿತು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಮೇರೆಗೆ ನಡೆಯುವ ನಿರಾಮಯ ಎಂಬ ಆರೋಗ್ಯ ವಿಮೆಯು ಸೆರಿಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಆಸರೆಯಾಗುತ್ತದೆ. ಬೇರೆ ವಿಮೆಗಳು ಇಂಥ ಮಕ್ಕಳನ್ನು ಕಂಡರೆ ಹಿಂದೆಗೆಯುತ್ತವೆ. ಇದಕ್ಕೆ ಸೇರುವಾಗ ವೈದ್ಯಕೀಯ ಪರೀಕ್ಷೆಯ ಅಡ್ಡಿಯಿಲ್ಲ, ಫಿಜಿಯೋಥೆರಪಿಯ ಖರ್ಚಿನ ಒಂದು ಪಾಲೂ ಇದರಲ್ಲಿ ಬರುತ್ತದೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯ ಶಿಬಿರಗಳಲ್ಲಿ ಕಡಿಮೆ ವರಮಾನದವರಿಗೆ ಗಾಲಿಕುರ್ಚಿ, ವಾಕರ್, ಕ್ಯಾಲಿಪರ್ ಉಚಿತವಾಗಿ ದೊರೆಯುತ್ತವೆ. ರಾಜ್ಯ ಸರ್ಕಾರದ ಮಾಸಾಶನವಿದೆ. ಬೆಂಗಳೂರಿನ ಇಂದಿರಾನಗರದಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಎಂಬ ಸಂಸ್ಥೆ ಈ ಮಕ್ಕಳಿಗಾಗಿಯೇ ದುಡಿಯುತ್ತಿದೆ.

ಇವೆಲ್ಲಕ್ಕೂ ಮೊದಲು ಬೇಕಾದದ್ದು ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಗುರುತಿನ ಚೀಟಿ. ಅದನ್ನು ಮಾಡಿಸಲು ನಾವು ಮಗುವನ್ನೆತ್ತಿಕೊಂಡು ನಾಲ್ಕು ಬಾರಿ ಅಲೆದೆವು. ಒಂದು ಕಛೇರಿಯಲ್ಲಿ ಮೆಟ್ಟಿಲೇರಿ ಮೇಲಂತಸ್ತಿಗೆ ಮಗುವನ್ನು ತರುವಂತೆ ಹೇಳಿದರು. ನಡೆಯಲಾರದೆಂಬುದಕ್ಕೆ ಪ್ರಮಾಣಪತ್ರ ಪಡೆಯಲು ಮೆಟ್ಟಿಲೇರಬೇಕಾಯಿತು! ಓದು ಬಲ್ಲ ನಮಗೇ ಇಷ್ಟು ಕಷ್ಟವಾದರೆ ಓದು ಬಾರದವರ ಗತಿಯೇನು?

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳ ಮಕ್ಕಳಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿದೆ. ನಮ್ಮ ಮಗಳು ಈಗ ಕನ್ಯಾಸ್ತ್ರೀಯರ ಶಾಲೆಯಲ್ಲಿ ಒಂದನೆಯ ತರಗತಿಯಲ್ಲಿದ್ದಾಳೆ. ಅವಳಿಗಾಗಿ ತರಗತಿಯನ್ನು ಕೆಳ ಅಂತಸ್ತಿಗೆ ಇಳಿಸಿದರು. ಈ ದೇವಾಲಯದ ಪಕ್ಕದ ಬಾಗಿಲಿಗೆ ಮೂರು ಮೆಟ್ಟಿಲುಗಳಿದ್ದುವಷ್ಟೆ. ಒಟ್ಟು ಎತ್ತರ ಒಂದೂವರೆ ಅಡಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಇರಬೇಕೆಂಬ ನಿಯಮದಂತೆ ಹದಿನೆಂಟು ಅಡಿಯ ಹಾದಿಯನ್ನು ಯುವಜನರು ಎರಡು ಶನಿವಾರಗಳಲ್ಲಿ ಕಟ್ಟಿದರು. ಒಬ್ಬ ಹುಡುಗಿಗಾಗಿ ಇಷ್ಟೆಲ್ಲ ಸಿಮೆಂಟೇ ಎಂದವರಿದ್ದರು. ಇಂದು ಬೆಳಿಗ್ಗೆ ಪೂಜೆಗೆ ಬಂದವರಲ್ಲಿ ಮಂಡಿನೋವಿನ ಎಷ್ಟು ಮಂದಿ ಹಿರಿಯರು ಆ ಹಾದಿಯಲ್ಲೇ ಬಂದರೆಂಬುದನ್ನು ತಾವೇ ನೋಡಿದ್ದೀರಿ.

ಐರ್ಲೆಂಡ್ ದೇಶದ ಡಬ್ಲಿನ್ ಪಟ್ಟಣದ ಬಡ ಕಥೋಲಿಕ ಕುಟುಂಬವೊಂದರಲ್ಲಿ 1932ರಲ್ಲಿ ಜನಿಸಿದ ಕ್ರಿಸ್ಟಿ ಬ್ರೌನ್ ಎಂಬಾತನನ್ನು ಇಲ್ಲಿ ಸ್ಮರಿಸಬಹುದು. ತಂದೆ ಇಟ್ಟಿಗೆ ಕೆಲಸದವನು. ಉಳಿದ ಮಕ್ಕಳೇ ಹದಿಮೂರು. ಸೆರಿಬ್ರಲ್ ಪಾಲ್ಸಿಯಿಂದ ಆತನ ಇಡೀ ದೇಹದಲ್ಲಿ ಹತೋಟಿಯಲ್ಲಿದ್ದುದು ಎಡಗಾಲೊಂದೇ. ಮಗುವಿಗೆ ಬುದ್ಧಿಯಿಲ್ಲ, ಆಸೆ ಬಿಡಿ ಎಂದು ಬಲ್ಲವರು ಹೇಳಿದರೂ ತಾಯಿ ಒಪ್ಪಲಿಲ್ಲ. ಆತ ಎಡಗಾಲಿನ ಬೆರಳುಗಳಲ್ಲಿ ಸೀಮೆಸುಣ್ಣ ಹಿಡಿದು ಅಕ್ಷರ ಕಲಿತ, ಚಿತ್ರ ಬರೆದ, 1954ರಲ್ಲಿ ತನ್ನ ಎಡಗಾಲಿನ ಹೆಸರಿನಲ್ಲೇ ಆತ್ಮಕಥೆ ಪ್ರಕಟಿಸಿದ. ಆತನಿಗೆ ಓದಿಬರೆಯಲೆಂದು ಮನೆಯವರೇ ಹಿತ್ತಲಲ್ಲಿ ಇಟ್ಟಿಗೆಯಿಟ್ಟು ಕೋಣೆ ಕಟ್ಟಿದರು. ನಮ್ಮ ದೇಶದಲ್ಲಿಯೂ ಹಾಗೆಯೇ: ಮಿತು ಆಲೂರ್ ಎಂಬ ತಾಯಿ ತನ್ನ ಮಗಳಿಗೆ ಸೂಕ್ತ ಶಾಲೆ ಸಿಗದಿದ್ದಾಗ 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾವನ್ನು ಸ್ಥಾಪಿಸಿದರು. ಎಲ್ಲ ಮಕ್ಕಳೂ ಲೇಖಕರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಯಾರೋ ಒಬ್ಬರು ಒಪ್ಪದೆ ನಿಂತಾಗಲೇ, ಹಲವರು ಅವರ ಜೊತೆಗೂಡಿದಾಗಲೇ, ಆ ಮಗು ಏನಾಗಬಲ್ಲದೋ ಅದು ಆಗುತ್ತದೆ.

ಈ ಮಕ್ಕಳನ್ನು ಕಂಡಾಗ ತಂದೆತಾಯಿಗಳ ಪಾಪದ ಫಲವೆಂದು ಹೇಳುವವರು ನಮ್ಮಲ್ಲಿಯೂ ಇದ್ದಾರೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಇದೇ ಪ್ರಶ್ನೆ ಕೇಳಿದಾಗ, ಅವನ ಪಾಪವೂ ಅಲ್ಲ, ಹೆತ್ತವರದೂ ಅಲ್ಲವೆಂದು ಪ್ರಭು ಯೇಸು ಸ್ಪಷ್ಟಪಡಿಸಿದ್ದಾರೆ. ಸಂತ ಮಾರ್ಕರ ಶುಭಸಂದೇಶದಲ್ಲಿ ಬರುವ ಪಾರ್ಶ್ವವಾಯು ರೋಗಿಯ ಪ್ರಸಂಗವನ್ನೂ ತಾವು ಬಲ್ಲಿರಿ. ಅವನನ್ನು ಹೊತ್ತು ತಂದವರು ನಾಲ್ವರು. ಬಾಗಿಲಲ್ಲಿ ಜನಸಂದಣಿ, ಅವರು ಛಾವಣಿಯನ್ನೇ ತೆರೆದು ಇಳಿಸಿದರು. ಆ ನಾಲ್ವರ ಹೆಸರೂ ನಮಗೆ ತಿಳಿಯದು. ಆದರೆ ಹಾಸಿಗೆಯ ಒಂದು ಮೂಲೆಯನ್ನು ಒಬ್ಬ ಬಿಟ್ಟಿದ್ದರೂ ರೋಗಿ ಉರುಳಿಬೀಳುತ್ತಿದ್ದನಲ್ಲವೇ? ತಂದೆತಾಯಿಗಳು ಇಬ್ಬರೇ, ಹಾಸಿಗೆಗೆ ಮೂಲೆಗಳು ನಾಲ್ಕು.

ಈ ಹೊರೆಯ ಇನ್ನೊಂದು ಮುಖವನ್ನೂ ಹೇಳಬೇಕು. ನಮಗೆ ಹನ್ನೊಂದು ವರ್ಷದ ಮಗನೂ ಇದ್ದಾನೆ. ಮನೆಯ ಸಮಯವೆಲ್ಲ ತಂಗಿಗೇ ಹೋಗುವುದನ್ನು ಅವನು ಮೌನವಾಗಿ ನೋಡುತ್ತ ಬೆಳೆದ. ಯುವಜನ ಸಂಘದ ಹುಡುಗರಿಬ್ಬರು ಪ್ರತಿ ಶನಿವಾರ ಅವನನ್ನು ಫುಟ್‌ಬಾಲ್ ಆಡಲು ಕರೆದೊಯ್ಯತೊಡಗಿದರು. ಇದಕ್ಕೆ ರಸೀತಿಯಿಲ್ಲ, ಲೆಕ್ಕದ ಪುಸ್ತಕದಲ್ಲಿ ಸಾಲಿಲ್ಲ. ನಮ್ಮ ಮನೆಗೆ ದೊರೆತ ನೆರವಿನಲ್ಲಿ ಇದು ಯಾವುದಕ್ಕೂ ಕಡಿಮೆಯದಲ್ಲ.

ನಾವು ತೀರಿಹೋದ ಮೇಲೆ ಇವಳ ಗತಿಯೇನು ಎಂಬ ಪ್ರಶ್ನೆ ರಾತ್ರಿ ದೀಪ ಆರಿಸಿದ ಮೇಲೆ ಬರುತ್ತದೆ. ಸ್ವತಃ ನಿರ್ಧಾರ ತೆಗೆದುಕೊಳ್ಳಲಾರದ ಮಕ್ಕಳಿಗೆ ಹದಿನೆಂಟು ತುಂಬಿದ ಮೇಲೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸ್ಥಳೀಯ ಸಮಿತಿಯು ಪೋಷಕರನ್ನು ನೇಮಿಸಲು ಕಾನೂನಿನಲ್ಲಿ ಅವಕಾಶವಿದೆ. ನಮ್ಮ ಮಗಳು ತನ್ನ ವ್ಯವಹಾರ ತಾನೇ ನೋಡಿಕೊಳ್ಳಬಲ್ಲಳೆಂಬ ಭರವಸೆ ನಮಗಿದೆ. ಆದರೂ ಕಾಗದದ ಮೇಲಿನ ಪೋಷಕರು ಬೇರೆ, ಮಳೆಗಾಲದ ರಾತ್ರಿ ಬಾಗಿಲು ತಟ್ಟಿ ವಿಚಾರಿಸುವ ನೆರೆಯವರು ಬೇರೆ.

ಈಗ ನಮ್ಮ ಬಿನ್ನಹ. ಇದು ನಮ್ಮ ಮಗಳಿಗಾಗಿ ಅಲ್ಲ. ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಎಸ್ಟೇಟೊಂದರ ಲೈನ್ ಮನೆಗಳಲ್ಲಿ ಇಂಥದೇ ಮಗುವೊಂದು ಇದೆ. ಇನ್ನೂ ಎರಡು ತುಂಬಿಲ್ಲ. ತಂದೆತಾಯಿ ಇಬ್ಬರೂ ದಿನಗೂಲಿಯವರು. ಮಗುವನ್ನು ಚಿಕಿತ್ಸೆಗೆ ಒಯ್ದ ದಿನ ಕೂಲಿಯಿಲ್ಲ, ಕೂಲಿಗೆ ಹೋದ ದಿನ ಚಿಕಿತ್ಸೆಯಿಲ್ಲ. 2021ರಲ್ಲಿ ನಮಗಾಗಿ ಹತ್ತು ರೂಪಾಯಿ ಕೊಟ್ಟವರಲ್ಲಿ ಅವರೂ ಇದ್ದರು. ಬ್ಯಾಂಕಿನ ಆ ಖಾತೆ ಈಗ ಬರಿದಾಗುತ್ತ ಬಂದಿದೆ.

ಶತಮಾನೋತ್ಸವದ ಖರ್ಚು ಕಳೆದು ಉಳಿಯುವ ಹಣದಲ್ಲಿ ಒಂದು ಭಾಗವನ್ನು ಬ್ಯಾಂಕಿನಲ್ಲಿ ಶಾಶ್ವತ ಠೇವಣಿಯಾಗಿಟ್ಟು, ಅದರ ಬಡ್ಡಿಯನ್ನು ಅಂಗವಿಕಲ ಮಕ್ಕಳ ನಿತ್ಯದ ಚಿಕಿತ್ಸೆಗೂ, ಮಗುವನ್ನು ಕರೆದೊಯ್ದ ದಿನದ ಕೂಲಿಗೂ ಜಾತಿಮತ ಭೇದವಿಲ್ಲದೆ ವಿನಿಯೋಗಿಸಬೇಕೆಂದು ಸಮಿತಿಯನ್ನು ವಿನಯಪೂರ್ವಕ ಕೇಳಿಕೊಳ್ಳುತ್ತೇವೆ. ಬಡ್ಡಿ ಸಾಲದೆ ಹೋದರೆ ತಿಂಗಳಿಗೆ ನೂರು ರೂಪಾಯಿ ಕೊಡುವ ಕುಟುಂಬಗಳು ಈ ಸಭೆಯಲ್ಲೇ ಇವೆಯೆಂದು ನಂಬಿದ್ದೇವೆ. ಮೊದಲನೆಯ ಹೆಸರು ನಮ್ಮದೆಂದು ಬರೆದುಕೊಳ್ಳಬಹುದು. ಪ್ರಮಾಣಪತ್ರ, ವಿಮೆ, ಮಾಸಾಶನಗಳ ಅರ್ಜಿ ತುಂಬಿಸಿಕೊಡಲು ಓದುಬಲ್ಲ ಇಬ್ಬರು ಯುವಕರನ್ನು ನೇಮಿಸಬೇಕು. ನಮಗೆ ತಿಳಿದಷ್ಟನ್ನು ನಾವು ಕಲಿಸಿಕೊಡುತ್ತೇವೆ. ಇಂಥ ಮಗುವನ್ನು ಮನೆಯೊಳಗೇ ಇಟ್ಟುಕೊಂಡವರು ಇದ್ದರೆ ಪೂಜೆಗೂ, ಧರ್ಮೋಪದೇಶ ತರಗತಿಗೂ ಧೈರ್ಯವಾಗಿ ಕರೆತರಬೇಕು. ಮಗು ಕೂಗಿದರೆ ತಿರುಗಿ ನೋಡದಿರುವ ಸೌಜನ್ಯವನ್ನು ನಾವೆಲ್ಲರೂ ಕಲಿಯೋಣ. ಯಾವಾಗ ಗುಣವಾಗುತ್ತದೆ ಎಂದು ತಾಯಿಯನ್ನು ಕೇಳುವ ಬದಲು, ಈ ವಾರ ಏನು ಕಲಿತಳು ಎಂದು ಮಗುವನ್ನೇ ಕೇಳೋಣ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಕಲ್ಲು ಹೊತ್ತು ಈ ದೇವಾಲಯವನ್ನು ಕಟ್ಟಿದರು. ಯಾರೊಬ್ಬರೂ ಇಡೀ ಗೋಡೆಯನ್ನು ಹೊರಲಿಲ್ಲ. ಒಬ್ಬೊಬ್ಬರು ಒಂದೊಂದು ಕಲ್ಲನ್ನು, ದಿನವೂ ಹೊತ್ತರು. ಲೈನ್ ಮನೆಯ ಆ ಮಗುವಿಗೆ ಬೇಕಾಗಿರುವುದೂ ಅಷ್ಟೇ. ಅದರ ಚಿಕಿತ್ಸೆ ಬರುವ ಮಂಗಳವಾರ ಆರಂಭವಾಗಬೇಕೆಂಬುದು ನಮ್ಮ ಆಸೆ.